ತಗ್ಗಿನಲ್ಲಿ ನಿಂತವನು

“ಗುರುಗಳೇ, ಅಧ್ಯಕ್ಷನಾಗಬೇಕೆಂದು ನಿಂತವನು ಹಳೆಯ ಅಧ್ಯಕ್ಷರ ಬಳಿ ಇದ್ದವರನ್ನೇ ಸಲಹೆಗೆ ಕರೆಯುತ್ತಾನೆ. ಕರೆದರೆ ಹೋಗುವುದು ಸರಿಯೋ, ತಪ್ಪೋ?”

ಕೇಳಿದವನು ಪಾಲಯ್ಯ. ನೇಕಾರ. ಊರಿನ ನೇಕಾರರ ಸಂಘದಲ್ಲಿ ಇಬ್ಬರು ಅಧ್ಯಕ್ಷರಿಗೆ ಸಲಹೆ ಹೇಳಿಕೊಂಡು ಇದ್ದವನು. ಈಗ ಮತ್ತೆ ಚುನಾವಣೆ ಬಂದಿತ್ತು. ನಿಂತವರಲ್ಲಿ ಒಬ್ಬ ಅವನಿಗೆ ಹೇಳಿಕಳಿಸಿದ್ದ.

ಗುರುಗಳು ಕೆರೆಯ ಏರಿಯ ಬಡಗಣ ತುದಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಬೆಳಗಿನ ಹೊತ್ತು. ಕೆರೆ ತುಂಬಿತ್ತು. ದೂರದಲ್ಲಿ, ಏರಿಯ ನಡುವಿನ ದಿಬ್ಬವನ್ನು ನಾಲ್ಕು ಮೇಕೆಗಳು ಹತ್ತಿ ನಿಂತಿದ್ದವು. ಗುರುಗಳು ಒಗೆದ ಪಂಚೆಯನ್ನು ಪಕ್ಕದಲ್ಲಿ ಹರವಿದ್ದರು. ಅದು ಒಣಗುವವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ.

“ನಿನಗೆ ಹೋಗಲು ಮನಸ್ಸಿದೆಯೋ?”

“ಇದೆ. ಆದರೆ ನಾಚಿಕೆ ಆಗುತ್ತೆ. ನಿನ್ನೆ ನನ್ನ ಭಾವಮೈದ ಎಲ್ಲರ ಮುಂದೆ ಅಂದ, ‘ನಮ್ಮ ಭಾವ ಸಂಘದ ಬೆಂಚಿನ ಹಾಗೆ. ಅಧ್ಯಕ್ಷರು ಬರ್ತಾರೆ, ಹೋಗ್ತಾರೆ. ಬೆಂಚು ಅಲ್ಲೇ ಇರುತ್ತೆ.’ ಎಲ್ಲರೂ ನಕ್ಕರು. ನಾನೂ ನಕ್ಕೆ.”

ಗುರುಗಳೂ ಸ್ವಲ್ಪ ನಕ್ಕರು. ಆಮೇಲೆ ಕೇಳಿದರು.

“ನೀನು ಹೇಳಿದರೂ ಆ ಇಬ್ಬರು ಅಧ್ಯಕ್ಷರೂ ಕಿವಿಗೆ ಹಾಕಿಕೊಳ್ಳದೆ ಬಿಟ್ಟ ಮಾತು ಯಾವುದಾದರೂ ಇದೆಯೋ?”

ಪಾಲಯ್ಯ ಯೋಚಿಸಿದ.

“ಒಂದಿದೆ. ನೂಲು ಬಂದಾಗ ಒಂಟಿ ಮಗ್ಗದ ಮನೆಗಳಿಗೆ ಮೊದಲು ಕೊಡಿ ಅಂದೆ. ಈಗ ಹತ್ತು ಮಗ್ಗದವರು ಮೊದಲು ಎತ್ತಿಕೊಂಡು ಹೋಗ್ತಾರೆ. ಉಳಿದರೆ ಇವರಿಗೆ. ಎಷ್ಟೋ ವಾರ ಉಳಿಯೋದೇ ಇಲ್ಲ. ಮಗ್ಗ ಸುಮ್ಮನೆ ನಿಂತಿರುತ್ತೆ.”

“ಎಷ್ಟು ಸಲ ಹೇಳಿದೆ?”

“ಒಬ್ಬೊಬ್ಬರಿಗೆ ಒಂದೊಂದು ಸಲ.”

“ಕುಳಿತುಕೋ,” ಎಂದರು ಗುರುಗಳು. ಅವನು ಕುಳಿತ. ಅವರು ಈ ಕತೆ ಹೇಳಿದರು.

ಒಂದು ಊರು. ಊರಿಗೆ ಒಂದು ಕೆರೆ. ಕೆರೆಗೆ ಒಬ್ಬ ಯಜಮಾನ. ತೂಬು ಯಾವಾಗ ಎತ್ತಬೇಕು, ನೀರು ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಆಮೇಲೆ, ಎಲ್ಲ ಅವನು ಹೇಳಿದ ಹಾಗೆ. ಐದು ವರ್ಷಕ್ಕೊಮ್ಮೆ ಊರು ಯಜಮಾನನನ್ನು ಆರಿಸುತ್ತಿತ್ತು.

ಆರಿಸುವ ಕ್ರಮ ಹೀಗೆ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ದಿನ ಗೊತ್ತುಮಾಡುವರು. ಯಜಮಾನಿಕೆ ಬೇಕೆಂದವರು ಏರಿಯ ಮೇಲೆ ಬಂದು ನಿಲ್ಲುವರು. ಒಂದೊಂದು ಮನೆಯವರು ಕೆರೆಯೊಳಗಿನ ಹೂಳನ್ನು ಒಂದು ಮಂಕರಿ ತುಂಬಿ ತಂದು, ತಮಗೆ ಬೇಕಾದವನ ಕಾಲ ಬಳಿ ಸುರಿಯುವರು. ಸಂಜೆ ಊರಿನ ಹಿರಿಯರು ಕೆಳಗೆ ತೂಬಿನ ಕಲ್ಲಿನ ಬಳಿ ನಿಂತು ಮೇಲೆ ನೋಡುವರು. ಯಾರ ಗುಡ್ಡೆ ಎತ್ತರ ಕಾಣುತ್ತದೋ ಅವನೇ ಯಜಮಾನ. ಮಂಕರಿಗಳನ್ನು ಎಣಿಸುವ ಹಾಗಿಲ್ಲ. ಎಣಿಸಿದರೆ ಯಾವ ಮನೆ ಎಲ್ಲಿ ಸುರಿಯಿತೆಂದು ಮಾತು ಬೆಳೆಯುತ್ತದೆ, ಮನಸ್ಸು ಮುರಿಯುತ್ತದೆ ಎಂದು ಹಿಂದಿನವರು ಹಾಗೆ ಮಾಡಿದ್ದರು. ಮಾರನೆಯ ದಿನ ಅವರವರ ಕಡೆಯವರು ಗುಡ್ಡೆಗಳನ್ನು ತುಳಿದು ಏರಿಗೆ ಸೇರಿಸುವರು. ಕೆರೆಯ ಹೂಳೂ ಹೋಗುತ್ತದೆ. ಏರಿಯೂ ಬೆಳೆಯುತ್ತದೆ. ಒಳ್ಳೆಯ ಕ್ರಮ.

ಅದರಲ್ಲಿ ಒಂದು ತಪ್ಪಿತ್ತು. ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ.

ಯಾವ ಕಾಲದಲ್ಲೋ ಗೆದ್ದವನು ಒಬ್ಬ ಏರಿಯ ನಡುವೆ ನಿಂತಿದ್ದ. ಅವನ ಗುಡ್ಡೆಯನ್ನು ತುಳಿದ ಮೇಲೂ ಆ ಜಾಗ ಒಂದು ಮೊಳ ಎತ್ತರ ಉಳಿಯಿತು. ಮುಂದಿನ ಸಲ ನಿಂತವನು ಆ ಎತ್ತರವನ್ನು ಹಿಡಿದ. ಮಂಕರಿ ಕಡಿಮೆ ಬಿದ್ದರೂ ಅವನ ಗುಡ್ಡೆ ಎತ್ತರ ಕಂಡಿತು. ಗೆದ್ದ. ಅವನ ಮುಂದಿನವನೂ ಅಲ್ಲೇ ನಿಂತ. ಸೋಲುವವನೂ ಅದರ ಇಳಿಜಾರಿನಲ್ಲೇ ನಿಲ್ಲುತ್ತಿದ್ದ. ಹೀಗೆ ನಡುವೆ ದಿಬ್ಬ ಬೆಳೆಯಿತು. ಏರಿಯ ಉಳಿದ ಭಾಗಕ್ಕೆ ಒಂದು ಮಂಕರಿ ಮಣ್ಣೂ ಬೀಳಲಿಲ್ಲ.

ಯಜಮಾನನ ಬಳಿ ಸಲಹೆ ಹೇಳುವವರು ಇರುತ್ತಿದ್ದರು. ಯಜಮಾನ ಇಳಿದ ಮೇಲೆ ಅವರೂ ಮನೆಗೆ ಹೋಗಿ ಕೂರುವರು. ಮತ್ತೆ ಆರಿಸುವ ಕಾಲ ಬಂದಾಗ, ನಿಂತವರು ಅವರ ಮನೆಯ ಬಾಗಿಲಿಗೆ ಹೋಗುವರು. ದಿಬ್ಬ ಹಿಡಿಯುವುದು ಹೇಗೆ, ಯಾವ ಬೀದಿಗೆ ಯಾವ ಮಾತು ಆಡಬೇಕು, ಅವರಿಗೆ ಗೊತ್ತಿತ್ತು.

ಒಂದು ಸಲ ಇಬ್ಬರು ನಿಂತರು. ಒಬ್ಬ ವರ್ತಕ. ಒಬ್ಬ ರೈತ.

ವರ್ತಕ ಚುರುಕಿನವನು. ಹಳೆಯ ಯಜಮಾನರ ಬಳಿ ಇದ್ದ ಆರು ಜನರನ್ನೂ ಒಂದೇ ದಿನ ಕರೆಸಿದ. ತನ್ನ ಮನೆಯ ಪಡಸಾಲೆಯಲ್ಲಿ ಕೂರಿಸಿ ಎರಡು ಹೊತ್ತು ಊಟ ಹಾಕಿದ. ಅವನಿಗೆ ಮೂವರು ಸಾಕಾಗಿತ್ತು. ಉಳಿದ ಮೂವರು ಎದುರಿನವನ ಕೈಗೆ ಸಿಗಬಾರದೆಂದು ಕರೆದಿದ್ದ.

ಪಡಸಾಲೆಯಲ್ಲಿ ದಿನವೂ ಮಾತು ನಡೆಯಿತು.

“ಹೋದ ಸಲದವರು ಕೊಡೆ ಹಿಡಿದು ನಿಂತಿದ್ದರು. ಗೆದ್ದರು,” ಎಂದ ಒಬ್ಬ.

“ಅದರ ಹಿಂದಿನವರು ಕೊಡೆ ಹಿಡಿದಿರಲಿಲ್ಲ. ಅವರೂ ಗೆದ್ದರು,” ಎಂದ ಇನ್ನೊಬ್ಬ.

“ಆವತ್ತು ಬಿಸಿಲಿರಲಿಲ್ಲ ಬಿಡಪ್ಪ.”

ವರ್ತಕ ಎಲ್ಲವನ್ನೂ ಕೇಳಿಸಿಕೊಂಡು ಒಂದು ಹೊಸ ಕೊಡೆ ತರಿಸಿದ.

ರೈತನಿಗೆ ಯಾರೂ ಸಿಗಲಿಲ್ಲ. ಅವನ ಮನೆ ಕೆಳಗಿನ ಹಟ್ಟಿಯಲ್ಲಿ. ಏರಿಯ ಬಡಗಣ ತುದಿಯ ಕೆಳಗೆ ನಲವತ್ತು ಮನೆಗಳ ಹಟ್ಟಿ ಅದು. ಕೆರೆಯ ನೀರು ಎಲ್ಲರಿಗಿಂತ ಕಡೆಗೆ ತಲುಪುತ್ತಿದ್ದುದು ಅವರ ಗದ್ದೆಗಳಿಗೆ. ನಮ್ಮ ಕಡೆಯವನು ಒಂದು ಸಲವಾದರೂ ಯಜಮಾನನಾಗಲಿ, ನಮಗೂ ಹೊತ್ತಿಗೆ ಸರಿಯಾಗಿ ನೀರು ಬರಲಿ ಎಂದು ಹಟ್ಟಿಯವರು ಅವನನ್ನು ನಿಲ್ಲಿಸಿದ್ದರು. ಅವನ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮನೆಯಲ್ಲಿ ತೊಟ್ಟಿಲು ಕಟ್ಟಿತ್ತು.

ರೈತ ನೆಟ್ಟಗೆ ವರ್ತಕನ ಮನೆಗೆ ಹೋದ.

“ಶೆಟ್ಟರೇ, ನಿಮ್ಮ ಹತ್ತಿರ ಆರು ಜನ ಇದ್ದಾರೆ. ನನಗೊಬ್ಬರನ್ನು ಕೊಡಿ.”

ವರ್ತಕ ಇಂಥದ್ದನ್ನು ಎಲ್ಲೂ ಕೇಳಿರಲಿಲ್ಲ. ಅವನಿಗೆ ನಗು ಬಂತು.

“ಏನಯ್ಯಾ, ಪಕ್ಕದ ಮನೆಗೆ ಹೆಪ್ಪು ಕೇಳೋಕೆ ಬಂದ ಹಾಗೆ ಬಂದಿದ್ದೀಯಲ್ಲ.”

“ಇರೋರ ಹತ್ತಿರ ತಾನೇ ಕೇಳಬೇಕು.”

ವರ್ತಕ ಪಡಸಾಲೆಯ ಕಡೆ ನೋಡಿದ. ಸಾಲಿನ ಕೊನೆಯಲ್ಲಿ ಒಬ್ಬ ಮುದುಕ ಗೋಡೆಗೆ ಒರಗಿ ಕುಳಿತಿದ್ದ. ಮೂವರು ಯಜಮಾನರ ಬಳಿ ಇದ್ದವನು. ಬಂದು ಎಂಟು ದಿನವಾಗಿತ್ತು. ಕೊಡೆಯ ವಿಷಯಕ್ಕೂ ಅವನು ಬಾಯಿ ತೆರೆದಿರಲಿಲ್ಲ.

“ಆ ತಾತನನ್ನು ಕರೆದುಕೊಂಡು ಹೋಗು. ಊಟ ಮಾತ್ರ ಚೆನ್ನಾಗಿ ಮಾಡ್ತಾನೆ.”

ಮುದುಕ ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ರೈತನ ಹಿಂದೆ ಹೊರಟ. ಅವನಿಗೆ ಬೇಸರವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ.

ದಾರಿಯಲ್ಲಿ ರೈತ ಕೇಳಿದ.

“ತಾತ, ಗೆಲ್ಲೋದು ಹೇಗೆ?”

“ದಿಬ್ಬ ಹಿಡೀಬೇಕು. ಎಲ್ಲರಿಗಿಂತ ಮುಂಚೆ ಹೋಗಿ ಅದರ ಮೇಲೆ ಟವೆಲು ಹಾಸಬೇಕು. ಆದರೆ ಶೆಟ್ಟರಿಗೆ ಇದನ್ನ ಐದು ಜನ ಹೇಳಿ ಆಗಿದೆ. ಅವರ ಆಳು ಇವತ್ತಿನಿಂದ ದಿಬ್ಬದ ಮೇಲೇ ಮಲಗ್ತಾನೆ.”

“ಹಾಗಾದರೆ, ಆ ಐದು ಜನರ ಹತ್ತಿರ ಇಲ್ಲದ್ದು ನಿನ್ನ ಹತ್ತಿರ ಏನಿದೆ?”

ಮುದುಕ ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

“ಒಂದಿದೆ. ಅದು ಯಾರಿಗೂ ಬೇಡವಾದ ಮಾತು. ಮೂವರಿಗೂ ಹೇಳಿದೆ. ಮೂವರೂ ಬಿಟ್ಟರು.”

“ಹೇಳು.”

“ತೋರಿಸ್ತೀನಿ ಬಾ.”

ಅವನನ್ನು ಏರಿಯ ಬಡಗಣ ತುದಿಗೆ ಕರೆದುಕೊಂಡು ಹೋದ. ಒಳಮೈಯ ಅಂಚಿನಲ್ಲಿ ಒಂದು ಕಲ್ಲಿತ್ತು. ಅದರ ಮೇಲೆ ಕುಳಿತ. ಬೇಸಿಗೆಯಾದ್ದರಿಂದ ನೀರು ದೂರದಲ್ಲಿತ್ತು.

“ನಾನು ಮೊದಲು ತೂಬು ಎತ್ತೋ ಕೆಲಸದಲ್ಲಿದ್ದೆ. ಆಗ ನಮ್ಮ ಮನೆಯವಳು ಇಲ್ಲಿಗೆ ಬುತ್ತಿ ತರ್ತಿದ್ದಳು. ಇಬ್ಬರೂ ಇಲ್ಲೇ ಕೂತು ಉಣ್ತಿದ್ದೆವು. ಒಂದು ವರ್ಷ ಕೆರೆ ತುಂಬಿತ್ತು. ಅವಳು ಕಾಲು ಇಳಿಬಿಟ್ಟು ಕೂತಿದ್ದಳು. ‘ಇಲ್ಲಿ ಮಾತ್ರ ನೀರು ಕಾಲಿಗೆ ತಾಗುತ್ತೆ ನೋಡಿ, ಬೇರೆ ಕಡೆ ತಾಗಲ್ಲ’ ಅಂದಳು. ತಣ್ಣಗಿದೆಯಲ್ಲ, ಇರಲಿ ಬಿಡು ಅಂದೆ.”

ಮುದುಕ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

“ಅವಳು ಹೋದ ಮೇಲೆ ಒಬ್ಬನೇ ಬಂದು ಕೂತೆ. ಕೆರೆ ತುಂಬಿತ್ತು. ನನ್ನ ಕಾಲಿಗೂ ತಾಗಿತು. ಆಗ ತಿಳೀತು ಅವಳು ಏನು ಹೇಳಿದ್ದು ಅಂತ. ಏರಿ ಇಲ್ಲಿ ತಗ್ಗು. ಎಂದಾದರೂ ಒಡೆದರೆ ಇಲ್ಲೇ ಒಡೆಯೋದು.”

ರೈತ ಹಿಂತಿರುಗಿ ಏರಿಯ ಕೆಳಗೆ ನೋಡಿದ. ಕೆಳಗೆ ಅವನ ಹಟ್ಟಿ. ಅವನ ಮನೆಯ ಹಿತ್ತಲಿನಲ್ಲಿ ಹೊಗೆ ಏಳುತ್ತಿತ್ತು. ಬಾಣಂತಿಗೆ ನೀರು ಕಾಯಿಸುತ್ತಿದ್ದರು.

“ಮೂವರಿಗೂ ಏನು ಹೇಳಿದೆ?”

“ದಿಬ್ಬ ಬಿಡಿ, ಇಲ್ಲಿ ನಿಂತುಕೊಳ್ಳಿ, ಊರಿನ ಮಂಕರಿಗಳು ಇಲ್ಲಿ ಬೀಳಲಿ ಅಂದೆ. ಮೊದಲನೆಯವರು ನಕ್ಕರು. ಎರಡನೆಯವರು, ಗೆದ್ದ ಮೇಲೆ ನೋಡೋಣ ಅಂದರು. ಮೂರನೆಯವರು, ಊಟಕ್ಕೆ ಏಳು ಅಂದರು.”

“ನೀನು ಮತ್ತೆ ಹೇಳಲಿಲ್ಲವಾ?”

“ಇಲ್ಲ. ಊಟ ಚೆನ್ನಾಗಿತ್ತು.”

ರೈತ ಆ ತಗ್ಗನ್ನು ಹೆಜ್ಜೆ ಹಾಕಿ ಅಳೆದ. ಇಪ್ಪತ್ತು ಹೆಜ್ಜೆ ಉದ್ದ. ನಡುವೆ ಮೊಳಕಾಲಿನಷ್ಟು ಇಳಿದಿತ್ತು.

“ನಾವು ಹಟ್ಟಿಯವರೇ ಮಣ್ಣು ಹಾಕಿಕೊಂಡರೆ?”

“ಯಜಮಾನನ ಅಪ್ಪಣೆ ಇಲ್ಲದೆ ಏರಿಗೆ ಸಲಿಕೆ ಮುಟ್ಟಿಸೋ ಹಾಗಿಲ್ಲ. ಊರೆಲ್ಲ ಸೇರಿ ಮಣ್ಣು ಹೊರೋದು ಆ ಒಂದೇ ದಿನ.”

“ಇಲ್ಲಿ ನಿಂತರೆ ಗೆಲ್ತೀನಾ?”

“ಇಲ್ಲ. ತಗ್ಗು ತುಂಬಿ ಸಮ ಆಗೋ ಹೊತ್ತಿಗೆ ಮಂಕರಿ ಮುಗಿದಿರುತ್ತೆ. ಕೆಳಗಿನಿಂದ ನೋಡಿದರೆ ನಿನ್ನ ಗುಡ್ಡೆನೇ ಕಾಣಲ್ಲ.”

“ಒಳ್ಳೆ ಸಲಹೆಗಾರ ಸಿಕ್ಕಿದ ನನಗೆ.”

“ಶೆಟ್ಟರು ಅದಕ್ಕೇ ಕೊಟ್ಟಿದ್ದು,” ಎಂದ ಮುದುಕ.

ಸಂಜೆ ಹಟ್ಟಿಯವರು ರೈತನ ಅಂಗಳದಲ್ಲಿ ಸೇರಿದರು. ಅವನು ವಿಷಯ ಹೇಳಿದ. ಅವರಿಗೆ ಸಿಟ್ಟು ಬಂತು.

“ಗೆಲ್ಲಲಿ ಅಂತ ನಿಲ್ಲಿಸಿದರೆ ನೀನು ಸೋಲೋ ಜಾಗ ಹುಡುಕಿಕೊಂಡು ಬಂದಿದ್ದೀಯಲ್ಲ,” ಎಂದರು. ಅವರಲ್ಲೊಬ್ಬ ಮುದುಕನ ಕಡೆ ತಿರುಗಿ, “ನಿನ್ನನ್ನ ಶೆಟ್ಟರೇ ಕಳಿಸಿದರೋ ಹೇಗೆ?” ಎಂದ.

“ಅವರೇ ಕಳಿಸಿದ್ದು,” ಎಂದ ಮುದುಕ. ಅದು ನಿಜವೇ ಆಗಿತ್ತು.

ರೈತನ ಮಗಳು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಾಗಿಲ ಬಳಿ ಬಂದು ನಿಂತಳು. ಮಗು ಹೆಗಲ ಮೇಲಿತ್ತು.

“ಅಪ್ಪ, ಕೆರೆ ನೀರು ನಮಗೆ ಕಡೆಗೆ ಬರುತ್ತೆ ಅಂತ ತಾನೇ ನೀವೆಲ್ಲ ಇಷ್ಟು ಮಾಡ್ತಿರೋದು?”

“ಹೌದಮ್ಮ.”

“ಏರಿ ಒಡೆದರೆ ಮೊದಲು ನಮಗೇ ಬರುತ್ತೆ.”

ಅವಳು ಒಳಗೆ ಹೋದಳು. ಅಂಗಳದಲ್ಲಿದ್ದವರು ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ಒಬ್ಬ ಹಿರಿಯ, “ಮಂಕರಿ ಸ್ವಲ್ಪ ದೊಡ್ಡದೇ ಕಟ್ಟೋಣ ಬಿಡು,” ಎಂದ.

ಆ ದಿನ ಬಂತು. ವರ್ತಕ ದಿಬ್ಬದ ತುದಿಯಲ್ಲಿ ಹೊಸ ಕೊಡೆ ಹಿಡಿದು ನಿಂತ. ಐವರೂ ಅವನ ಸುತ್ತ ನಿಂತರು. ರೈತ ಬಡಗಣ ತುದಿಯಲ್ಲಿ, ತಗ್ಗಿನಲ್ಲಿ ನಿಂತ. ಅವನ ಜೊತೆ ಮುದುಕ ಒಬ್ಬನೇ. ಬಿದ್ದ ಮಣ್ಣನ್ನೆಲ್ಲ ಮುದುಕ ಅಲ್ಲೇ ಹರಡಿ ತುಳಿಯುತ್ತಿದ್ದ. ನೋಡಿದವರು ನಕ್ಕರು. ಆ ದಿನ ಗುಡ್ಡೆಯನ್ನು ಎತ್ತರ ಮಾಡುವುದು ಬಿಟ್ಟು ತುಳಿದವರನ್ನು ಅವರು ಕಂಡಿರಲಿಲ್ಲ.

ಮೇಲಿನ ಬೀದಿಯ ಒಬ್ಬ ಹೆಂಗಸು ಮಂಕರಿ ಹೊತ್ತು ಬಂದಳು. ಏದುಸಿರು ಬಿಡುತ್ತಿದ್ದಳು.

“ಇಷ್ಟು ದೂರ ಯಾಕಪ್ಪ ನಿಂತೆ? ನಿನ್ನ ಹುಡುಕಿಕೊಂಡು ಬರೋ ಹೊತ್ತಿಗೆ ಕತ್ತು ಹೋಯ್ತು.”

“ಭಾರ ಆದರೆ ದಿಬ್ಬಕ್ಕೇ ಹಾಕಬಹುದಿತ್ತಲ್ಲಕ್ಕ.”

“ಬಂದಾಯ್ತಲ್ಲ ಈಗ,” ಎಂದು ಸುರಿದಳು.

ಅವಳ ಹಾಗೆ ಬಹಳ ಜನ ಬಂದರು. ಎಷ್ಟು ಜನ ಎಂದು ಎಣಿಸುವ ಹಾಗಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಗ್ಗು ತುಂಬಿ ಏರಿಯ ಸಮಕ್ಕೆ ಬಂತು. ಸಮ ಆದ ಮೇಲೆ ಒಂದು ಗೇಣು ಏರಿತು. ಅಷ್ಟಕ್ಕೆ ಮಂಕರಿಗಳು ಮುಗಿದವು.

ಹಿರಿಯರು ತೂಬಿನ ಕಲ್ಲಿನ ಬಳಿ ನಿಂತು ಮೇಲೆ ನೋಡಿದರು. ದಿಬ್ಬದ ಮೇಲೆ ವರ್ತಕನ ಗುಡ್ಡೆ ದೊಡ್ಡದಾಗಿ ಕಂಡಿತು. ಒಬ್ಬ ಹಿರಿಯ ಕಣ್ಣಿಗೆ ಕೈ ಅಡ್ಡ ಹಿಡಿದು ಬಡಗಣ ತುದಿಯನ್ನು ನೋಡಿದ.

“ಅಲ್ಲಿ ಇಬ್ಬರು ಮನುಷ್ಯರು ಕಾಣ್ತಾರೆ. ಗುಡ್ಡೆ ಗಿಡ್ಡೆ ಏನೂ ಕಾಣಲ್ಲ.”

ಊರು ನಕ್ಕಿತು. ವರ್ತಕ ಯಜಮಾನನಾದ. ರೈತನಿಗೆ ನೋವಾಯಿತು. ಅದನ್ನು ಅವನು ಮುಚ್ಚಿಡಲಿಲ್ಲ. ಮಾರನೆಯ ದಿನ ಹಟ್ಟಿಯವರು ಬಂದು ತಮ್ಮ ಕಡೆಯ ಮಣ್ಣನ್ನು ತುಳಿದರು. ಮೂರು ದಿನ ತುಳಿದರು. ಮುದುಕನ ಕಲ್ಲನ್ನು ಎತ್ತಿ ಹೊಸ ಅಂಚಿನ ಮೇಲೆ ಕೂರಿಸಿದರು.

ಆ ವರ್ಷ ಹಸ್ತ ಮಳೆ ಬಿಡದೆ ಹಿಡಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಕೆರೆ ಕೋಡಿ ಬಿತ್ತು. ಹೆಚ್ಚಾದ ನೀರು ಕೋಡಿಯಿಂದ ಹೊರಗೆ ಹರಿಯುತ್ತಲೇ ಇತ್ತು, ಆದರೂ ಕೆರೆ ಏರುತ್ತಲೇ ಇತ್ತು. ಹೊಸ ಯಜಮಾನ ಐವರನ್ನು ಕರೆದು ಕೇಳಿದ.

“ಏರಿ ಎಲ್ಲಿ ತಗ್ಗಿದೆ?”

ಐವರೂ ಒಬ್ಬರ ಮುಖ ಒಬ್ಬರು ನೋಡಿದರು. ಏರಿಯಲ್ಲಿ ಅವರು ಕಂಡಿದ್ದು ದಿಬ್ಬ ಒಂದನ್ನೇ.

ವರ್ತಕ ಕೊಡೆ ಹಿಡಿದು ಒಬ್ಬನೇ ಏರಿಯ ಮೇಲೆ ನಡೆದ. ಅವನು ಕೆಟ್ಟವನಲ್ಲ. ಯಜಮಾನಿಕೆ ಬೇಕೆಂದು ಆಸೆಪಟ್ಟವನು, ಅಷ್ಟೆ. ಅದರ ಭಾರ ಅವನಿಗೆ ಆ ಮಧ್ಯಾಹ್ನ ತಿಳಿಯಿತು.

ಬಡಗಣ ತುದಿಯಲ್ಲಿ ರೈತನೂ ಮುದುಕನೂ ಗೋಣಿಕೊಪ್ಪೆ ಹಾಕಿಕೊಂಡು ಕುಳಿತಿದ್ದರು. ಕಾಲು ಇಳಿಬಿಟ್ಟಿದ್ದರು.

“ಇಲ್ಲಿ ಹೇಗಿದೆ?” ಎಂದ ವರ್ತಕ.

“ಕೂತು ನೋಡಿ,” ಎಂದ ಮುದುಕ.

ವರ್ತಕ ಚಪ್ಪಲಿ ಬಿಟ್ಟು ಕುಳಿತ. ಕಾಲು ಇಳಿಬಿಟ್ಟ. ನೀರು ಅವನ ಪಾದದಿಂದ ಒಂದು ಗೇಣು ಕೆಳಗಿತ್ತು. ಅಲೆ ಬಂದು ಮಣ್ಣಿಗೆ ಬಡಿದು ಹಿಂದೆ ಹೋಗುತ್ತಿತ್ತು.

“ಏರಿ ಒಡೆದು ಹೋಗೋದಾಗಿದ್ದರೆ ಇಲ್ಲೇ ಹೋಗಬೇಕಿತ್ತು,” ಎಂದ ಮುದುಕ.

ವರ್ತಕ ಹಿಂತಿರುಗಿ ಕೆಳಗೆ ನೋಡಿದ. ನಲವತ್ತು ಮನೆಗಳು. ಒಂದು ಮನೆಯಿಂದ ಮಗು ಅಳುವುದು ಕೇಳಿತು. ಬಹಳ ಹೊತ್ತು ನೋಡಿದ.

“ಎಂಟು ದಿನ ನಮ್ಮ ಮನೆಯಲ್ಲಿದ್ದೆಯಲ್ಲ. ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳೋದನ್ನ ನಾನು ಯಾವಾಗಲೋ ಬಿಟ್ಟಿದ್ದೆ. ಅದು ನನ್ನ ತಪ್ಪು.”

“ಮಳೆ ನಿಂತ ಮೇಲೆ ಮನೆಗೆ ಬಾ. ಈ ಸಲ ನನ್ನ ಪಕ್ಕದಲ್ಲಿ ಕೂತ್ಕೋ.”

“ಬರ್ತೀನಿ. ಊಟ ಮಾತ್ರ ನಮ್ಮ ಮನೆಯಲ್ಲೇ ಮಾಡ್ತೀನಿ.”

ವರ್ತಕ ನಕ್ಕ. ರೈತನೂ ನಕ್ಕ. ಮೂವರೂ ಹಾಗೇ ಕುಳಿತರು. ಸಂಜೆಯ ಹೊತ್ತಿಗೆ ಮಳೆ ಸಣ್ಣದಾಯಿತು. ನೀರು ಮತ್ತೆ ಏರಲಿಲ್ಲ. ಮುದುಕ ಅದನ್ನೇ ನೋಡುತ್ತಿದ್ದ.

“ಅವಳಿಗೆ ತೋರಿಸಬೇಕಿತ್ತು,” ಎಂದ.

ಯಾರಿಗೆ ಎಂದು ರೈತ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಆ ವರ್ಷ ತೂಬು ಎತ್ತಿದಾಗ ಹಟ್ಟಿಯ ಗದ್ದೆಗಳಿಗೆ ನೀರು ಕಡೆಗೇ ಬಂತು. ಅದರ ಮುಂದಿನ ವರ್ಷ ನಡುವೆ ಬಂತು. ಮುದುಕ ಈಗ ಒಂದು ಮಾತನ್ನು ಒಂದೇ ಸಲ ಹೇಳಿ ಬಿಡುತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಪಂಚೆ ಒಣಗಿತ್ತು. ಮಡಿಸಿ ಹೆಗಲಿಗೆ ಹಾಕಿಕೊಂಡರು.

ಪಾಲಯ್ಯನಿಗೆ ಸಮಾಧಾನವಾಗಿರಲಿಲ್ಲ.

“ಆದರೂ ಗುರುಗಳೇ, ರೈತ ಸೋತ. ಮುದುಕ ಮೂವರ ಮನೆ ಆದ ಮೇಲೆ ನಾಲ್ಕನೆಯ ಮನೆಗೂ ಹೋದ. ನಮ್ಮ ಭಾವಮೈದ ಇದನ್ನ ಕೇಳಿದರೆ ಅವನನ್ನೂ ಬೆಂಚು ಅಂತಾನೆ. ನನ್ನ ಪ್ರಶ್ನೆ ಹಾಗೇ ಉಳೀತು. ನಾನು ಹೋಗಲೋ, ಬೇಡವೋ?”

ಗುರುಗಳು ಎದ್ದು, ತಾವು ಕುಳಿತಿದ್ದ ಕಲ್ಲನ್ನು ಅವನಿಗೆ ತೋರಿಸಿದರು.

“ಇಲ್ಲಿ ಕೂತು ಕಾಲು ಇಳಿಬಿಡು. ನೀರು ತಾಗಿದರೆ ಹೋಗಬೇಡ.”

ಪಾಲಯ್ಯ ಆ ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟ. ನೀರು ಒಂದು ಗೇಣು ಕೆಳಗಿತ್ತು. ಅವನು ಎದ್ದು, ಹೇಳಿಕಳಿಸಿದವನ ಮನೆಯ ದಾರಿ ಹಿಡಿದ.